ಉಳಿದ ಸುಣ್ಣ

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತಂತೆ. ಈ ಗಾದೆಯನ್ನು ರುದ್ರಾಣಿ ಗಂಡನ ಎದುರಿಗೆ ಹೇಳಲಿಲ್ಲ, ಮನಸ್ಸಿನಲ್ಲೇ ಹೇಳಿಕೊಂಡಳು. ಗಂಡ ಗಂಗಾಧರಸ್ವಾಮಿಗೆ ತಿ. ನರಸೀಪುರದಲ್ಲಿ ಗೊಬ್ಬರ ಮತ್ತು ಔಷಧಿಯ ಅಂಗಡಿ. ಭತ್ತಕ್ಕೆ ಜಿಗಿಹುಳ ಬಿದ್ದರೆ, ಕಬ್ಬಿಗೆ ಬಿಳಿ ಉಣ್ಣೆ ಹತ್ತಿದರೆ, ಸೋಸಲೆ ಬನ್ನೂರಿನ ಕಡೆಯವರೆಲ್ಲ ಒಂದು ಎಲೆ ಕಿತ್ತುಕೊಂಡು ಅವನ ಹತ್ತಿರ ಓಡಿ ಬರುತ್ತಿದ್ದರು. ಅಂಥವನಿಗೆ ನಂಜನಗೂಡಿನ ತನ್ನ ನಡುಮನೆಯಲ್ಲಿ, ಗಾಜಿನ ತೊಟ್ಟಿಯೊಳಗೆ ಬೆಳೆದ ಹೆಬ್ಬೆರಳು ಗಾತ್ರದ ಒಂದು ಕಳೆಯನ್ನು ಕೊಲ್ಲಲು ಆಗಿರಲಿಲ್ಲ.

ತೊಟ್ಟಿ ಬಂದದ್ದು ಮಗಳು ರಮ್ಯ ಮೈಸೂರಿನ ಹಾಸ್ಟೆಲಿಗೆ ಸೇರಿದ ವರ್ಷ, ಎರಡು ಸಾವಿರದ ಆರರಲ್ಲಿ. ಮಗಳನ್ನು ಬಿಟ್ಟು ಬರುವಾಗ ಗಂಗಾಧರಸ್ವಾಮಿ ಮೀನಿನ ಅಂಗಡಿಯೊಂದಕ್ಕೆ ಹೊಕ್ಕ, ಹೊಕ್ಕವನು ಮರುಳಾದ. ಸಮುದ್ರದ ಉಪ್ಪು, ಸಮುದ್ರದ ಕಲ್ಲು, ಕಿತ್ತಳೆ ಬಣ್ಣದ ಎರಡು ಮೀನು, ಹಸಿರು ಬೆರಳುಗಳ ಹಾಗೆ ಅಲುಗುವ ಒಂದು ಹವಳ. ಕಾವೇರಿ ಕಪಿಲೆಯರ ನಡುವೆ ಇರುವವನಿಗೆ ಉಪ್ಪುನೀರಿನ ಹುಚ್ಚು ಯಾಕೆ ಹತ್ತಿತೋ ಅವನಿಗೇ ಗೊತ್ತು. ಮೀನಿನ ಆಹಾರದಲ್ಲಿ ಸೀಗಡಿ ಪುಡಿ ಇದೆ ಎಂದು ತಿಳಿದ ದಿನವೇ ರುದ್ರಾಣಿ ಆ ಡಬ್ಬಿಯನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದಳು. ಲಿಂಗಪೂಜೆಯ ಮನೆ ಅದು. ತೊಟ್ಟಿಯ ತಂಟೆಗೂ ಅವಳು ಹೋಗಲಿಲ್ಲ.

ಆ ಕಲ್ಲಿನ ಸಂದಿನಲ್ಲಿ ಒಂದು ದಿನ ಕಂದು ಹೂವೊಂದು ಅರಳಿತು. ಹೂವಲ್ಲ, ಪ್ರಾಣಿ, ನಡುವೆ ಬಾಯಿ, ಸುತ್ತ ಸಣ್ಣ ಕೈಗಳು. ಸುಂದರವಾಗಿಯೇ ಇತ್ತು. ಆದರೆ ಅದರ ಕೈ ತಾಗಿದ ಕಡೆ ಹವಳ ಮುದುಡಿಕೊಳ್ಳತೊಡಗಿತು. ಗಂಗಾಧರಸ್ವಾಮಿ ಕಳೆ ಕಂಡ ರೈತ ಮಾಡುವುದನ್ನೇ ಮಾಡಿದ. ಚಾಕು ತಂದು ಬುಡಸಮೇತ ಕೆರೆದು ಹಾಕಿದ. ಕೆರೆದಾಗ ಉದುರಿದ ಒಂದೊಂದು ಚೂರೂ ಒಂದೊಂದು ಕಡೆ ಕೂತು ಬೇರೂರಿ, ಹದಿನೈದು ದಿನದಲ್ಲಿ ಕಲ್ಲಿನ ತುಂಬ ಕಂದು ಹೂವು.

ಅಂಗಡಿಗೆ ಬಂದ ರೈತ ದೊಡ್ಡಸಿದ್ದಯ್ಯನಿಗೆ ಇದನ್ನು ಹೇಳಿದರೆ, "ಕೊನ್ನಾರಿ ಗೆಡ್ಡೆ ಇದ್ದಂಗೆ ಕಣ್ ಸಾ. ಕಿತ್ತಷ್ಟೂ ಬತ್ತದೆ" ಎಂದು ನಕ್ಕನಂತೆ. ಮೈಸೂರಿಗೆ ಹೋದಾಗ ಗಂಗಾಧರಸ್ವಾಮಿ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಹುಡುಕಿದ. ಜಗತ್ತಿನ ತುಂಬ ಅವನಂಥ ಸಂಕಟದವರೇ. ಅವರೆಲ್ಲ ದುಡ್ಡು ಕೊಟ್ಟು ತರಿಸುವ ಬಿಳಿ ಪುಡಿಯ ಹೆಸರು ನೋಡಿ, ರಾಸಾಯನಿಕ ಮಾರುವ ಗಂಗಾಧರಸ್ವಾಮಿಗೆ ನಗು ಬಂತು. ಮನೆಗೆ ಬಂದವನೇ ಕೇಳಿದ:

"ನಿನ್ ಸುಣ್ಣದ ಡಬ್ಬಿ ಎಲ್ಲದೆ?"

ಊಟ, ಕರೆಂಟು ಬಿಲ್ಲು, ಮಗಳ ಫೋನು ಬಿಟ್ಟು ಬೇರೆ ಏನನ್ನಾದರೂ ಗಂಡ ಕೇಳಿ ವರ್ಷಗಳಾಗಿದ್ದವು. ಅವನು ಕೆಟ್ಟವನಲ್ಲ. ಮಾತನ್ನೆಲ್ಲ ಅಂಗಡಿಯಲ್ಲಿ ಖರ್ಚು ಮಾಡಿ, ಸುತ್ತೂರಿನ ದಾರಿಯಲ್ಲಿ ಬೈಕು ಓಡಿಸಿಕೊಂಡು ಬಂದು, ಟಿವಿ ಮುಂದೆ ಕೂರುವವನು, ಅಷ್ಟೆ. ಮದುವೆಯಾದ ಹೊಸದರಲ್ಲಿ ಹಾಗಿರಲಿಲ್ಲ. ಊಟವಾದ ಮೇಲೆ ಜಗುಲಿಯಲ್ಲಿ ಇಬ್ಬರೂ ಎಲೆ ಅಡಿಕೆ ಹಾಕುತ್ತಿದ್ದರು. ಅವಳು ಸುಣ್ಣ ಹಚ್ಚಿ ಮಡಿಸಿ ಕೊಡುತ್ತಿದ್ದಳು, ಅವನು ಬಾಯಿ ತುಂಬ ಮೆಲ್ಲುತ್ತಾ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಅಂಗಡಿಗೆ ಕಂಪನಿಯ ಆಫೀಸರುಗಳು ಬರಲು ಶುರುವಾದಾಗ ಕೆಂಪು ಹಲ್ಲು ಚೆನ್ನಾಗಿರುವುದಿಲ್ಲವೆಂದು ಬಿಟ್ಟುಬಿಟ್ಟ. ಒಬ್ಬಳೇ ಏನು ಹಾಕುವುದೆಂದು ಅವಳೂ ಬಿಟ್ಟಳು.

ಹಿತ್ತಾಳೆ ಡಬ್ಬಿ ಅಟ್ಟದ ಮೇಲೆ ಸಿಕ್ಕಿತು. ಒಳಗಿನ ಸುಣ್ಣ ಕಲ್ಲಾಗಿತ್ತು. ಹೊಸ ಸುಣ್ಣ ತಂದು, ಗಟ್ಟಿ ಮೊಸರಿನ ಹದಕ್ಕೆ ಅವಳೇ ಕಲಸಿದಳು. ಗಂಡನಿಗೆ ಸಂಜೆ ಬೆಳಕಿನಲ್ಲಿ ಹತ್ತಿರದ್ದು ಕಾಣುವುದಿಲ್ಲ. ಆದ್ದರಿಂದ ಟಾರ್ಚು ಹಿಡಿಯುವ ಕೆಲಸವೂ ಅವಳಿಗೇ ಬಂತು. ಮೋಟರು ನಿಲ್ಲಿಸಿ, ನೀರು ಅಲುಗದ ಹಾಗೆ ಮಾಡಿ, ಸಿರಿಂಜಿನಲ್ಲಿ ಸುಣ್ಣ ಎಳೆದು ಹೂವಿನ ಬಾಯಿಗೆ ಮೆಲ್ಲಗೆ ಬಿಡಬೇಕು. ಊಟವೆಂದು ಅದು ನುಂಗುತ್ತದೆ, ನುಂಗಿ ಮುದುಡುತ್ತದೆ, ಕರಗುತ್ತದೆ. ಒಂದೇ ಸಲಕ್ಕೆ ಎಲ್ಲದಕ್ಕೂ ಹಾಕಿದರೆ ನೀರು ಕೆಟ್ಟು ಮೀನು ಸಾಯುತ್ತವೆ. ದಿನಕ್ಕೆ ಮೂರೋ ನಾಲ್ಕೋ, ಅಷ್ಟೇ.

ಹೀಗಾಗಿ ಪ್ರತಿ ಸಂಜೆ ಗಂಡ ಹೆಂಡತಿ ತೊಟ್ಟಿಯ ಮುಂದೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂರತೊಡಗಿದರು.

"ಎಡಕ್ಕೆ ಕಣ್ರೀ. ಅಲ್ಲಲ್ಲ, ಕಲ್ಲಿನ ಕೆಳ್ಗೆ."

"ಬೆಳಕ ನೆಟ್ಗೆ ಇಡ್ಕೊ."

ಮೊದಲು ಇಷ್ಟೇ. ಸುಣ್ಣ ನುಂಗಿದ ಹೂವು ಮುದುಡುವವರೆಗೆ ಕಾಯಬೇಕಲ್ಲ, ಕಾಯುತ್ತಾ ಮಾತು ಬಂತು. ಅಂಗಡಿಗೆ ಬಂದವರ ಕತೆ, ಬಾಕಿಯಾಗಿದ್ದ ನಗು, ರಮ್ಯ ಚಿಕ್ಕವಳಿದ್ದಾಗ ಕಪಿಲೆಯಲ್ಲಿ ಚಪ್ಪಲಿ ತೇಲಿಬಿಟ್ಟದ್ದು. ರುದ್ರಾಣಿ ಸಂಜೆಗೆ ಕಾಯತೊಡಗಿದಳು. ಬೈಕಿನ ಸದ್ದಿಗೆ ಎದೆ ಹೊಡೆದುಕೊಳ್ಳುವ ವಯಸ್ಸು ತನ್ನದಲ್ಲವೆಂದು ಬೈದುಕೊಂಡಳು, ಆದರೂ ಹೊಡೆದುಕೊಳ್ಳುತ್ತಿತ್ತು.

ಇತ್ತ ಕಲ್ಲು ಬೆಳ್ಳಗಾಗುತ್ತಾ ಬಂತು. ಕಳೆ ಮುಗಿದರೆ ಸಂಜೆಯೂ ಮುಗಿಯಿತು. ಟಿವಿ ಎಲ್ಲಿಗೂ ಹೋಗಿರಲಿಲ್ಲ. ಇದು ತಿಳಿದ ದಿನ ರುದ್ರಾಣಿಗೆ ಭಯವಾಯಿತು. ಗಂಡ ಅಂಗಡಿಗೆ ಹೋದ ಮೇಲೆ ಅವಳು ತೊಟ್ಟಿಯ ಮುಚ್ಚಳ ತೆಗೆದು, ಮೋಟರಿನ ಕೊಳವೆಯ ಹಿಂದೆ ಅಡಗಿದ್ದ ಒಂದು ಹೂವಿನ ಬುಡವನ್ನು ತಲೆಯ ಪಿನ್ನಿನಿಂದ ಸೀಳಿದಳು. ಚೂರುಗಳು ತೇಲಿಹೋದವು. ಕನಕಾಂಬರದ ಕುಡಿ ಚಿವುಟಿದಷ್ಟೇ ಸಲೀಸು. ಪಿನ್ನು ಕೈಜಾರಿ ಕಲ್ಲಿನ ಹಿಂದೆ ಬಿತ್ತು. ಎಷ್ಟು ತಡಕಿದರೂ ಸಿಗಲಿಲ್ಲ.

ಕಳೆ ಮತ್ತೆ ಬಂತು. ಸಂಜೆಗಳು ಮುಂದುವರಿದವು. ಕಡಿಮೆಯಾದಾಗಲೆಲ್ಲ ಅವಳು ಇನ್ನೊಂದನ್ನು ಸೀಳಿದಳು. ನಾಚಿಕೆಯಾಗುತ್ತಿತ್ತು, ಸಂಜೆಯಾದರೆ ಮರೆಯುತ್ತಿತ್ತು. ಆದರೆ ಹವಳ ಮೊದಲಿನ ಹಾಗೆ ಅರಳಲಿಲ್ಲ. ಒಂದು ಬದಿ ಸತ್ತು ಬರೀ ಎಲುಬು ಉಳಿಯಿತು. ಗಂಗಾಧರಸ್ವಾಮಿ ಸಿರಿಂಜನ್ನು ಕೆಳಗಿಟ್ಟ.

"ಸಾಕು ಕಣೆ. ಮೈಸೂರ್ನೋರ್ಗೆ ಫೋನ್ ಮಾಡ್ತೀನಿ, ಬಂದು ತಕೊಂಡೋಗ್ಲಿ. ನನ್ ಕೈಲಿ ಆಗಕಿಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೆಳೆ ಎಲ್ಲಿಂದ ಬಂದೀತು. ರುದ್ರಾಣಿ ಟಾರ್ಚು ಆರಿಸಿದಳು.

ಮುಂದಿನ ಭಾನುವಾರ ಅವನು ಮೀನುಗಳನ್ನು ಬಕೆಟ್ಟಿಗೆ ಬಿಟ್ಟು ಕಲ್ಲುಗಳನ್ನು ಎತ್ತಲು ಕೂತ. ಮೂಲೆಯ ಕಲ್ಲು ಎತ್ತಿದಾಗ ತುಕ್ಕು ಹಿಡಿದ ಪಿನ್ನು ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಆಮೇಲೆ ಕೊಳವೆಯ ಹಿಂದಿನ ಹೂವನ್ನು ನೋಡಿದ. ಬುಡದಲ್ಲಿ ನೆಟ್ಟಗೆ ಸೀಳಿದ ಗುರುತು. ಎಲೆ ನೋಡಿ ರೋಗ ಹೇಳುವವನು.

"ಇದ್ಯಾಕೆ ಇಂಗ್ ಮಾಡ್ದೆ?"

ಸುಳ್ಳು ಹೇಳಬಹುದಿತ್ತು. ಪಿನ್ನು ಹೇಗೋ ಬಿತ್ತು ಎಂದರೆ ಅವನು ನಂಬುತ್ತಿದ್ದ, ಅಥವಾ ನಂಬಿದ ಹಾಗೆ ಇರುತ್ತಿದ್ದ.

"ಇವು ಸತ್ತೋದ್ರೆ ನೀವು ಟಿವಿ ಮುಂದ್ಕೆ ಓಯ್ತೀರಿ" ಅಂದಳು. "ಅದ್ಕೆ."

ಬೈದಿದ್ದರೆ ವಾಸಿಯಿತ್ತು. ಅವನು ಪಿನ್ನನ್ನು ಕಿಟಕಿಯ ಮೇಲಿಟ್ಟು, ಕಲ್ಲುಗಳನ್ನೂ ಮೀನುಗಳನ್ನೂ ಮತ್ತೆ ತೊಟ್ಟಿಗೆ ಬಿಟ್ಟ. ಮೈಸೂರಿಗೆ ಫೋನು ಮಾಡಲಿಲ್ಲ. ಅವತ್ತು ಸಂಜೆಯೇ ಸಿರಿಂಜು ತೆಗೆದುಕೊಂಡ. ಅವಳು ಟಾರ್ಚು ಹಿಡಿದಳು. ಈಗ ಮಾತಿರಲಿಲ್ಲ. ಕೊಳವೆಯ ಹಿಂದೆ, ಕಲ್ಲಿನ ಅಡಿ, ಮರಳಿನ ಅಂಚು, ಒಂದನ್ನೂ ಬಿಡದೆ ದಿನಾ ಮೂರು ನಾಲ್ಕು ಕೊಂದ. ಎಲ್ಲೆಲ್ಲಿವೆ ಎಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಅಡಗಿದ್ದನ್ನೆಲ್ಲ ಅವಳೇ ತೋರಿಸಿಕೊಟ್ಟಳು. ಕೊನೆಯದು ಕರಗಿತು. ಉಳಿದಿದ್ದ ಅರ್ಧ ಹವಳ ಒಂದು ವಾರದಲ್ಲಿ ಬೆರಳು ಚಾಚಿತು. ಮನೆ ಮೊದಲಿನ ಹಾಗಾಯಿತು. ಅವನು ಟಿವಿ ಹಾಕಿದ. ಅವಳು ಡಬ್ಬಿ ತೊಳೆದಿಡಲು ಎರಡು ಸಲ ಎದ್ದಳು, ಕೈ ಬರಲಿಲ್ಲ. ಒಣಗದಿರಲೆಂದು ಸುಣ್ಣಕ್ಕೆ ಒಂದು ಚೂರು ನೀರು ಹಾಕಿ ಮುಚ್ಚಿದಳು.

ಮುಂದಿನ ವಾರ ಒಂದು ಸಂಜೆ ಬೈಕು ಬೇಗ ಬಂತು.

"ಡಬ್ಬೀಲಿ ಸುಣ್ಣ ಉಳಿದದಾ?"

"ಇನ್ನೂ ಒಂದು ಉಳ್ಕಂಡಿತ್ತಾ? ನಾನಲ್ಲ ಕಣ್ರೀ, ನಾನು ಮುಟ್ಟಿಲ್ಲ."

"ಇಲ್ಲ, ಎಲ್ಲಾ ಸತ್ವು."

ಅವನು ಜೇಬಿನಿಂದ ಬಾಳೆಲೆಯ ಪೊಟ್ಟಣ ತೆಗೆದು ತೊಟ್ಟಿಯ ಪಕ್ಕ ಇಟ್ಟ. ಒಳಗೆ ಚಿಗುರೆಲೆ, ಅಡಿಕೆ. ನೆಲದ ಮೇಲೆ ಅವಳ ಜಾಗ ಬಿಟ್ಟು ಕೂತ.

"ಮಡ್ಸು" ಅಂದ.

ರುದ್ರಾಣಿ ಡಬ್ಬಿ ತಂದಳು. ಎಲೆಯ ಬೆನ್ನಿಗೆ ತೆಳ್ಳಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿದಳು.

"ಆಫೀಸರುಗಳು ಏನಂತಾರೆ?"

"ಅವ್ರು ಅಂಗಡೀಲವ್ರೆ" ಎಂದು ಅವನು ಕೈ ಚಾಚಿದ.