ಕೈಗೆ ತಿಳಿದದ್ದು

ಗೊರಸು ಹಿಂದಕ್ಕೆ ಸರಿಯಿತು, ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಅದುಮಿದ್ದಷ್ಟೇ, ಒಳಗಿನ ಬಿಸಿಗತ್ತಲೆಯಲ್ಲಿ ಕರು ಸರ್ರನೆ ಕಾಲು ಎಳೆದುಕೊಂಡಿತು, ನನ್ನ ಗೊಡವೆಗೆ ಬರಬೇಡ ಅಂದಂತೆ, ರಾಜಾರಾಮನ ಕೈ ಭುಜದವರೆಗಿನ ಪ್ಲಾಸ್ಟಿಕ್ ಗವಸಿನೊಳಗೆ, ಗವಸು ಎಮ್ಮೆಯೊಳಗೆ, ಎಮ್ಮೆ ಘೋಣಸಗಿಯ ಲಕ್ಕವ್ವನ ಕೊಟ್ಟಿಗೆಯೊಳಗೆ, ಎಷ್ಟೊಂದು ಒಳಗು ಎಂದುಕೊಂಡ, ಇನ್ನೊಮ್ಮೆ ಅದುಮಿದ, ಇನ್ನೊಮ್ಮೆ ಎಳೆದುಕೊಂಡಿತು — ಇದು ಒದೆತ, ಜೀವ ಇದ್ದದ್ದು ಹೀಗೆ ಸಿಟ್ಟಾಗುತ್ತದೆ, ಮುಂಜಾನೆ ವಿಜಯಪುರದ ಬಾಡಿಗೆ ಮನೆಯಲ್ಲಿ ಹೆಂಡತಿಯ ಹೊಟ್ಟೆಯ ಮೇಲೆ ಕೈಯಿಟ್ಟು ಒದೀತು ನೋಡು ಎಂದು ಕೂಗಿದ್ದು ಇದಕ್ಕಲ್ಲ, ಅದು ಬೇರೆ. ಏನಂತೈತ್ರಿ ಡಾಕ್ಟ್ರ, ಐತೋ ಇಲ್ಲೋ? ಎಮ್ಮೆಯ ಮೂಗುದಾರ ಹಿಡಿದು ಲಕ್ಕವ್ವ ಕೇಳುತ್ತಿದ್ದಾಳೆ, ಇವನು ಡಾಕ್ಟರಲ್ಲ, ಬರೀ ಪಶು ಪರೀಕ್ಷಕ, ಆದರೆ ಕೈ ಒಳಗಿರುವಷ್ಟು ಹೊತ್ತು ಎಲ್ಲರಿಗೂ ಡಾಕ್ಟರೇ, ಐತಿ ಬೇ, ಗಟ್ಟಿಮುಟ್ಟ ಐತಿ, ಎಂಟು ತುಂಬ್ಯಾವ. ನಿಮ್ಮ ಮನ್ಯಾಗನೂ ಎಂಟರಾಗ ಅಲ್ಲೇನ್ರಿ, ಎರಡೂ ಕೂಡೇ ಆಗ್ಲಿ, ಗಿಣ್ಣ ನಮ್ಮದು, ಪೇಢಾ ನಿಮ್ಮದು! ಎಂದು ಲಕ್ಕವ್ವ ಕೊಡ ಉರುಳಿದಂತೆ ನಕ್ಕಳು, ಎಮ್ಮಿಗೆ ಹತ್ತು ತಿಂಗಳು ಬೇಕಬೇ ಅನ್ನಬೇಕಿತ್ತು, ಬೇರೆ ದಿನವಾಗಿದ್ದರೆ ಅವಳ ನಗೆಯನ್ನೇ ತೆಗೆದು ಅವಳಿಗೇ ಕೇಳಿಸಿ ಕೊಟ್ಟಿಗೆಯನ್ನೆಲ್ಲ ನಗಿಸುತ್ತಿದ್ದ, ಈ ಸೀಮೆಯಲ್ಲಿ ಅವನ ಗಂಟಲಿಗೆ ಬಾರದ ದನಿ ಇಲ್ಲ, ಟಿಕೋಟಾ ಬಸ್ಸಿನ ಕಂಡಕ್ಟರ್, ಬಬಲೇಶ್ವರ ಸಂತೆಯ ಮೆಣಸಿನಕಾಯಿಯವಳು, ಕರು ಕಳಕೊಂಡ ಎಮ್ಮೆ — ಈಗ ಕೈ ಹೊರಗೆ ತೆಗೆದ, ಗವಸು ತಿರುವಿ ಕಳಚಿದ, ಹೊರಗೆ ಬಂದದ್ದು ಐದು ಬೆರಳು, ಅದರಲ್ಲಿ ಒಂದನ್ನು ನೋಡಲು ಮನಸ್ಸಾಗಲಿಲ್ಲ.

ನಿನ್ನೆ ಸಂಜೀಂದ ಸುಮ್ಮನದ ರೀ, ಅಲುಗಾಡವಲ್ದು, ಎಂದಿದ್ದಳು ಮುಂಜಾನೆ ಹೆಂಡತಿ ಸಂಘಮಿತ್ರಾ, ಕೈಯಲ್ಲಿ ಚಹಾದ ಬಟ್ಟಲು ಹಾಗೇ ಇತ್ತು, ಬಾಜೂ ಮನಿ ರಾಜಬಿ ದವಾಖಾನಿಗೆ ನಡಿ ಅನ್ನಾಕತ್ಯಾಳ, ಆಟೋ ಕರೀಲೇನು ಅಂತಾಳ, ಒಮ್ಮೆ ಕೈ ಇಟ್ಟು ನೋಡ್ರಿ, ಸಾವಿರ ಎಮ್ಮಿ ನೋಡಿದ ಕೈ ನಿಮ್ಮದು. ಇಟ್ಟ. ಬೆಚ್ಚಗಿತ್ತು, ಬಿಗಿಯಾಗಿತ್ತು, ಏನೂ ಇರಲಿಲ್ಲ, ಒಂದು ನಿಮಿಷ, ಎರಡು, ಅವಳು ಹೊಟ್ಟೆ ನೋಡುತ್ತಿರಲಿಲ್ಲ, ಇವನ ಮುಖ ನೋಡುತ್ತಿದ್ದಳು, ಆ ಕಣ್ಣನ್ನು ತಡೆಯುವುದು ಹೇಗೆ, ಎಂಟು ತಿಂಗಳಿಂದ ಆ ಕಣ್ಣನ್ನು ನಗಿಸುತ್ತಲೇ ಬಂದವನು, ಹೊಟ್ಟೆಗೆ ಬಾಯಿಯಿಟ್ಟು ಸಣ್ಣ ದನಿ ತೆಗೆದು ಅವ್ವಾ, ಅಪ್ಪಗ ಗಬ್ಬದ ಎಮ್ಮಿ ಮುಟ್ಟಿ ಗಬ್ಬು ವಾಸನಿ ಬರ್ತದ, ಜಳಕಾ ಮಾಡಂತ ಹೇಳು ಅಂದರೆ ಅವಳು ಹಾಸಿಗೆಯ ಮೇಲೆ ಬಿದ್ದು ನಗುತ್ತಿದ್ದಳು, ಸಾಕ್ರೀ, ಮಾತಾಡೋದ್ ಕಲಿತೇ ಹುಟ್ಟತದ ಇದು — ಅದಕ್ಕೇ ಇರಬೇಕು, ಅಂಗೈ ಅಲ್ಲೇ ಇಟ್ಟು, ಸೆರಗಿನ ಮರೆಯಲ್ಲಿ, ಹೆಬ್ಬೆರಳಿನಿಂದ ಟಕ್ಕನೆ ಒತ್ತಿದ, ಒಂದೇ ಸಲ, ಒದೀತು ನೋಡು! ಹೌದ್ರಿ, ನನಗೂ ಗೊತ್ತಾತು, ಎಂದಳು ಅವಳು, ನಂಬಲಿಕ್ಕೆ ರಾತ್ರಿಯಿಡೀ ಕಾದವಳಿಗೆ ಒಳಗೇನು ಹೊರಗೇನು, ಚಹಾ ಕುಡಿದಳು, ಗೋಡೆಯಾಚೆಗೆ ಕೂಗಿ ಹೇಳಿದಳು, ರಾಜಬೀ, ಆಟೋ ಬ್ಯಾಡ, ಇವರ ಕೈಗೆ ಒದ್ದದ! — ಊರವರ ದನಿಯೆಲ್ಲ ತೆಗೆದದ್ದಾಯಿತು, ಇನ್ನೂ ಹುಟ್ಟದ ಕೂಸಿನ ಕಾಲೊಂದು ಬಾಕಿ ಇತ್ತು ನೋಡು, ಅದನ್ನೂ ತೆಗೆದ.

ಫೋನು ಹಚ್ಚಿದ, ಲಕ್ಕವ್ವನ ಅಂಗಳದ ಬೇವಿನ ಬುಡದಲ್ಲಿ ನಿಂತು, ಕೂಸು ಅಲುಗಾಡಿರಬಹುದು, ಈಗ ಅವಳೇ ಹೇಳಿಬಿಡಬಹುದು, ಕುಣಿಯಾಕತ್ತದ ರೀ ಅಂತ, ಆಗ ಹೆಬ್ಬೆರಳಿನ ಸಂಗತಿ ಯಾರಿಗೂ ಬೇಕಾಗುವುದಿಲ್ಲ, ಹಲೋ, ಊಟ ಆತೇನ್ರಿ? ಎಂದಳು ಅವಳು. ಅಲುಗಾಡ್ತೇನು? ಇಲ್ಲ, ಮುಂಜಾನೆ ನಿಮ್ಮ ಕೈಗೆ ಒದ್ದಿದ್ದೇ ಕಡೀದು, ಆಮ್ಯಾಲೆ ಏನಿಲ್ಲ, ಮಲಗಿರಬೇಕು, ಅಪ್ಪನ ಕೈಗಷ್ಟೇ ಮಾತಾಡ್ತದ ನೋಡ್ರಿ ಚಾಲಾಕು. ದೊಡ್ಡಾಸ್ಪತ್ರೆಯ ಮೇಡಂ ದನಿಯಲ್ಲಿ ಹೇಳಲೇ, ನೋಡಮ್ಮ ಒಂದು ಸ್ಕ್ಯಾನ್ ಮಾಡಿಸೋಣ, ಗಾಬರಿಯೇನಿಲ್ಲ, ಎಲ್ಲರಿಗೂ ಮಾಡೋದೇ ಅಂತ, ಇಲ್ಲವೇ ಅವಳ ಅವ್ವನ ದನಿಯಲ್ಲಿ, ಬಬಲೇಶ್ವರದಲ್ಲಿ ಹಸಿರು ಕುಬಸ ತೊಡಿಸಿ ಮಾಡಿದ ಸೀಮಂತದ ದಿನ ಅತ್ತೆಯ ದನಿ ತೆಗೆದು ಅತ್ತೆಗೇ ಆರತಿ ತಾ ಎಂದು ಹೇಳಿ ನಗಿಸಿದ್ದನಲ್ಲ — ಗಂಟಲಲ್ಲಿ ಒಬ್ಬರೂ ಇರಲಿಲ್ಲ, ಬಂದದ್ದು ಒಂದು ಒಣಕಲು ದನಿ, ಯಾರದಪ್ಪಾ ಇದು ಅನ್ನುವಂಥದ್ದು, ಸಂಘಮಿತ್ರಾ, ಅದು ಒದ್ದಿಲ್ಲ, ಅದು ನನ್ನ ಹೆಬ್ಬೆರಳು. ಕುಕ್ಕರ್ ಕೂಗಿದ್ದು ಕೇಳಿತು. ಏನಂದ್ರಿ? ನಾನೇ ಒತ್ತಿದ್ದು, ನೀ ಅಂಜಬಾರದಂತ, ಈಗ ರಾಜಬಿನ್ನ ಕರಕೊಂಡು ದವಾಖಾನಿಗೆ ನಡಿ, ನಾ ಬಂದೆ. ಅವಳು ಫೋನು ಕಟ್ ಮಾಡದೇ ಎಲ್ಲೋ ಇಟ್ಟು ಹೋದಳು, ರಾಜಬೀ ಅಂತ ಕೂಗಿದ್ದು, ಚಿಲಕ, ಚಪ್ಪಲಿ, ಆಮೇಲೆ ಖಾಲಿ ಮನೆಯ ಫ್ಯಾನಿನ ಸದ್ದು ಇವನ ಕಿವಿಯಲ್ಲಿ ತಿರುಗುತ್ತಲೇ ಇತ್ತು.

ಗಾಡಿ ಟಿಕೋಟಾ ದಾಟಿತು, ರಸ್ತೆಯ ಎರಡೂ ಬದಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳು, ಹಸಿರು ಜಾಲರಿಯ ಅಂತಸ್ತುಗಳ ಮೇಲೆ ಹಣ್ಣು ನೆರಳಲ್ಲಿ ಮಲಗಿ ಮಣೂಕವಾಗುವುದು, ಯಾರೂ ದಿನಾ ಕೈ ಹಾಕಿ ಆಯ್ತೇನು ಅಂತ ಕೇಳುವುದಿಲ್ಲ, ಕಾಯುತ್ತಾರೆ — ಇವನೇ ಕಾಯಲಾರದವನು, ನಾಟಕಕ್ಕೂ ಹೀಗೇ ಮಾಡಿದ, ಬರೆಯುತ್ತೇನೆಂದು ಮೂರು ವರ್ಷದಿಂದ ಹೊತ್ತು ತಿರುಗುತ್ತಿರುವ ನಾಟಕ, ಗಬ್ಬದ ಎಮ್ಮೆ ಮಾರಿದವನು ಎಮ್ಮಿ ನಿಂದು ಕರು ನಂದು ಅಂತ ಪಂಚಾಯ್ತಿ ಕೂಡಿಸುವ ಕಥೆ, ಆಡಿಸುತ್ತೇನೆಂದ ಬಬಲೇಶ್ವರದ ಗೆಳೆಯ ಅರುಣಕುಮಾರ ಸಿಕ್ಕಾಗೆಲ್ಲ ಕಾಲು ಎಳೆಯುತ್ತಾನೆ, ಎಷ್ಟು ತಿಂಗಳಾತಲೇ, ಆನಿ ಗಬ್ಬಾಗಿದ್ರೂ ಇಷ್ಟೊತ್ತಿಗೆ ಈದು ಮರಿ ಸಾಲಿಗೆ ಹೋಗ್ತಿತ್ತು! ಅಂದಾಗೆಲ್ಲ ಇವನು ಅದೇ ಒಂದು ಪುಟ ತೆಗೆದು ಏಳು ದನಿಯಲ್ಲಿ ಓದುವುದು, ಅರುಣ ಹೊಟ್ಟೆ ಹಿಡಿದು ನಗುವುದು, ಜೀವ ಐತಲೇ ಇದರಾಗ! — ಎರಡನೆಯ ಪುಟ ಇಲ್ಲ, ಇರಲೇ ಇಲ್ಲ, ಆ ಪುಟವೂ ಹೆಬ್ಬೆರಳೇ, ಹೊರಗೆ ನಿಂತವರು ಕೇಳಿದಾಗ ತೋರಿಸಲಿಕ್ಕೆ ಇಟ್ಟುಕೊಂಡದ್ದು, ಒಳಗೆ ಏನೋ ಒಂದು ತನ್ನಷ್ಟಕ್ಕೆ ಆಗುತ್ತಿದ್ದರೆ ಅದರ ಪಕ್ಕದಲ್ಲಿ ಬಾಯಿಮುಚ್ಚಿ ಕೂಡಬೇಕು, ಆಗದೇ ನಿಂತಿದ್ದರೂ ಕೂಡಬೇಕು, ಆಗಲೇ ತಿಳಿಯುವುದು, ಇವನು ಎಂದು ಕೂತಿದ್ದ, ಕೂಸಿನ ಮಾತೆಲ್ಲ ತಾನೇ ಆಡಿಬಿಟ್ಟ, ಅದು ಏನಾದರೂ ಹೇಳಬೇಕೆಂದರೂ ಸಂದಿ ಎಲ್ಲಿತ್ತು — ಥೂ, ಇಂಥ ಹೊತ್ತಿನಲ್ಲಿ ನಾಟಕ ನೆನೆಸುತ್ತೀಯಾ ಭಾಡ್ಯಾ, ಟ್ರ್ಯಾಕ್ಟರಿನವನು ಹಾರ್ನು ಹೊಡೆದ, ಏಯ್ ಎಲ್ಲಿ ನೋಡಾಕತ್ತೀಲೇ! ಮುಂಜಾನೆಯಿಂದ ಎಂಟು ತಾಸು, ನಿನ್ನೆ ಸಂಜೆಯಿಂದ ಎಣಿಸಿದರೆ ಇಪ್ಪತ್ತರ ಮೇಲೆ, ಮುಂಜಾನೆ ಆಟೋ ಬಂದಿದ್ದರೆ ಇಷ್ಟೊತ್ತಿಗೆ ಗೊತ್ತಾಗಿರುತ್ತಿತ್ತು, ಏನು ಗೊತ್ತಾಗುತ್ತಿತ್ತು, ಬೇಡ, ಊರೊಳಗೆ ಬಂದ, ಗೋಳಗುಮ್ಮಟದ ತಲೆ ಕಾಣಿಸಿತು, ಅಲ್ಲಿ ಪಿಸುಗುಟ್ಟಿದರೂ ಗೋಡೆ ತಿರುಗಿ ಹೇಳುತ್ತದೆ, ಕಲ್ಲು ಹೇಳುತ್ತದೆ, ಒಂದು ಸಲ ಒದಿ ಕೂಸೇ.

ಸ್ಕ್ಯಾನಿಂಗ್ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತಿದ್ದಳು ಸಂಘಮಿತ್ರಾ, ಮನೆಯ ಸೀರೆಯಲ್ಲೇ, ಒಗ್ಗರಣೆಯ ಅರಿಶಿನ ಸೆರಗಿಗೆ ಹತ್ತಿತ್ತು, ಪಕ್ಕದಲ್ಲಿ ರಾಜಬಿ, ಬಂದ್ರೇನ್ ಡಾಕ್ಟರ್ ಸಾಬ್, ಎಂದು ಎದ್ದಳು, ಡಾಕ್ಟರ್ ಎಂಬ ಮಾತು ಇಷ್ಟು ಭಾರ ಇರುತ್ತದೆಂದು ಇವನಿಗೆ ಗೊತ್ತಿರಲಿಲ್ಲ, ನೀರು ತರುತ್ತೇನೆಂದು ಅವಳು ಅತ್ತ ಹೋದಳು. ಬಾಗಿಲಿನಿಂದ ನರ್ಸ್ ಇಣುಕಿ, ಎರಡೇ ಮಿಂಟ್ರಿ, ಮಷಿನ್ ಖಾಲಿ ಆಗತೈತಿ, ಮುಂದಿನ ಪಾಳಿ ನಿಮ್ದೇ, ಎಂದಳು. ಇವನು ಕೂತ. ಕ್ಷಮಿಸು ಎನ್ನಲು ಬಾಯಿ ತೆರೆದರೆ ಅದೂ ಯಾರದೋ ದನಿಯಂತೆ ಬಂದೀತೆಂದು ಮುಚ್ಚಿದ. ಅವಳು ಇವನ ಮುಖ ನೋಡಲಿಲ್ಲ, ಎದುರಿನ ಗೋಡೆ ನೋಡುತ್ತಲೇ ಇವನ ಬಲಗೈಯ ಮಣಿಕಟ್ಟು ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಹಂಗಲ್ಲ, ಎಂದಳು. ಹೆಬ್ಬೆರಳು ಮಡಚ್ರಿ. ಮಡಚಿದ, ಅಂಗೈಯೊಳಗೆ, ಉಗುರು ಚುಚ್ಚುವಷ್ಟು. ಈಗ ಸುಮ್ಮ ಕೂಡ್ರಿ. ಕೂತ — ಅವಳ ಉಸಿರು ಏರಿತು, ಇಳಿಯಿತು, ಅದು ಅವಳದು, ಬೆರಳ ತುದಿಯಲ್ಲಿ ಏನೋ ಬಡಿಯಿತು, ಅದು ತನ್ನದೇ ನಾಡಿ, ತನ್ನದನ್ನು ತೆಗೆದು, ಅವಳದನ್ನು ತೆಗೆದು, ಉಳಿದದ್ದು ಏನಾದರೂ, ಉಳಿದದ್ದು — ನಾಲ್ಕು ಬೆರಳು, ಒಳಗೆ ಮಡಚಿದ ಹೆಬ್ಬೆರಳು, ನಾಲ್ಕು ಬೆರಳು.