ಓದದೆ ಕತ್ತರಿಸಿದ ಕಾಗದ

ಅಕ್ಕಂದಿರೇ, ಅಣ್ಣಂದಿರೇ, ನಾನು ಬಟ್ಟೆ ಹೊಲಿಯುವವಳು. ನನ್ನ ಅಂಗಡಿಗೂ ನಮ್ಮ ಬೀದಿಯ ಆರೋಗ್ಯ ಕೇಂದ್ರಕ್ಕೂ ನಡುವೆ ಇರುವುದು ಆರೇ ಮನೆ. ಆದರೆ ಹೋದ ವರ್ಷ ಆ ಆರು ಮನೆ ದಾಟಿ ಹೋದರೆ ಸಿಗುತ್ತಿದ್ದುದು ಒಂದು ಬೀಗ. ಇದ್ದ ನರ್ಸಮ್ಮ ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ.

ನನ್ನ ಅತ್ತೆಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು: "ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗ್ಲೇಬೇಕು. ತಪ್ಪಿದ್ರೆ ಬೆರಳು ಹೋಗುತ್ತೆ, ಆಮೇಲೆ ಪಾದಾನೂ ಹೋಗ್ಬಹುದು." ದೊಡ್ಡಾಸ್ಪತ್ರೆಗೆ ಎರಡು ಬಸ್ಸು ಹತ್ತಬೇಕು. ನನ್ನ ಯಜಮಾನರದು ಗಿರಣಿಯಲ್ಲಿ ಪಾಳಿ ಕೆಲಸ. ಕುಂಟುವ ಅತ್ತೆಯನ್ನು ನಾನೊಬ್ಬಳೇ ಹತ್ತಿಸಿ, ಇಳಿಸಿ, ಕರೆತರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತಿತ್ತು. ವಾರಕ್ಕೆ ಮೂರು ಸಲ ಹೋಗಬೇಕಾದ ಕಡೆ ಒಂದೋ ಎರಡೋ ಸಲ ಹೋಗುತ್ತಿದ್ದೆವು. ಹುಣ್ಣು ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ.

ಚುನಾವಣೆಗೆ ಮುಂಚೆ ನಮ್ಮ ವಾರ್ಡಿನ ಅಭ್ಯರ್ಥಿ ನನ್ನ ಅಂಗಡಿಗೆ ಬಂದಿದ್ದರು. ಏನು ಹೇಳಿದರೂ "ಆಯ್ತಾಯ್ತು" ಅನ್ನುವುದು ಅವರ ಅಭ್ಯಾಸ. ಹಾಗಾಗಿ ಬೀದಿಯವರು ಅವರಿಗೆ ಇಟ್ಟ ಹೆಸರು ಆಯ್ತಾಯ್ತು ಸಾಹೇಬರು. ನನ್ನ ಸ್ಟೂಲಿನ ಮೇಲೆ ಕುಳಿತು, ಅತ್ತೆಯ ಕಾಲು ನೋಡಿ, "ಅಯ್ಯೋ ಅಮ್ಮಾ, ಗೆದ್ದ ಒಂದೇ ತಿಂಗಳಲ್ಲಿ ಇಲ್ಲಿಗೆ ನರ್ಸ್ ಹಾಕಿಸ್ತೀನಿ" ಅಂದರು. ಅತ್ತೆಯ ಕಣ್ಣಲ್ಲಿ ನೀರು ಬಂತು. ನಾವು ಮೂವರೂ ವೋಟು ಹಾಕಿದೆವು. ಅವರು ಗೆದ್ದರು.

ಗೆದ್ದ ಮೇಲೆ ಏನಾಯಿತು, ನಿಮಗೆ ಗೊತ್ತಿರುವ ಕಥೆಯೇ. ಮೂರನೇ ವಾರಕ್ಕೆ ಪಕ್ಷ ಬದಲಿಸಿದರು. ಫೋನ್ ಮಾಡಿದರೆ "ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ" ಎಂದು ಯಾರೋ ಹೇಳುತ್ತಿದ್ದರು. ಯಾವ ಮೀಟಿಂಗ್ ಎಂದು ಟಿವಿಯಲ್ಲಿ ನೋಡಿದೆ. ಗೆದ್ದವರೆಲ್ಲ ಎದ್ದು ನಿಂತು, ಒಬ್ಬರ ಮೇಲೊಬ್ಬರು ಕಾಗದ ಎಸೆದಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದೆ: "ಮತ ಕೇಳುವವರು ಒಳಗೆ ಬರಬಾರದು."

ಐದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಕಂಡಕ್ಟರಕ್ಕ ಯೂನಿಫಾರಂ ಶರ್ಟಿನ ಟ್ರಯಲ್‌ಗೆ ಬಂದಳು. ಅವಳು ನನ್ನ ಗೆಳತಿ, ನನಗಿಂತ ನಾಲ್ಕು ವರ್ಷ ದೊಡ್ಡವಳು. ದಿನಾ ಐದು ಟ್ರಿಪ್ ಬಸ್ಸಿನಲ್ಲಿ ತಿರುಗುವವಳಿಗೆ ಊರಲ್ಲಿ ತಿಳಿಯದ ಸುದ್ದಿಯಿಲ್ಲ. ಬಾಗಿಲಿನ ರಟ್ಟು ಓದಿ ನಕ್ಕಳು.

"ಇದೇನೇ ಟೈಲರಮ್ಮ, ಇಷ್ಟು ಸಿಟ್ಟು?"

"ಇನ್ನೇನಕ್ಕ? ಹೊಳೆ ದಾಟಿದ್ಮೇಲೆ ಅಂಬಿಗನ ಹಂಗ್ಯಾಕೆ ಅನ್ನೋ ಜನ ಇವ್ರು. ಇನ್ಮೇಲೆ ನಮ್ಮನೇಲಿ ಯಾರೂ ವೋಟ್ ಹಾಕಲ್ಲ."

"ನೆಗಡಿ ಆಯ್ತು ಅಂತ ಮೂಗು ಕುಯ್ಕೋತಾರೇನೇ?"

"ಈ ಮೂಗು ಇದ್ದು ಏನು ಉಪಯೋಗ ಹೇಳಕ್ಕ. ವೋಟ್ ಹಾಕಿದ್ವಿ, ಆರೋಗ್ಯ ಕೇಂದ್ರದ ಬೀಗ ಹಾಗೇ ಇದೆ."

ಅವಳು ಕೈ ಅಗಲ ಮಾಡಿ ನಿಂತಳು. ನಾನು ತೋಳಿನ ಹೊಲಿಗೆಗೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದೆ.

"ವೋಟ್ ಹಾಕಿದ್ದು ಒಂದು ದಿನ. ಆಮೇಲೆ ಹೋಗಿ ಕೇಳಿದ್ಯಾ?"

"ಕರೆದ್ರೆ ತಾನೆ ಹೋಗೋದು? ಗೆದ್ಮೇಲೆ ಒಂದು ಸಲನಾದ್ರೂ ನಮ್ಮನ್ನ ಕರೆದಿದ್ದಾರಾ?"

ಕಂಡಕ್ಟರಕ್ಕನ ಕಣ್ಣು ಗೋಡೆಯ ಮೊಳೆಯ ಮೇಲಿತ್ತು. ಅಲ್ಲಿ ನನ್ನ ಕಟಿಂಗ್ ಪೇಪರ್‌ಗಳು ತೂಗುತ್ತಿದ್ದವು. ತೋಳು, ಕಾಲರು, ಜೇಬು, ಹೀಗೆ ಒಂದೊಂದಕ್ಕೂ ಮೊದಲು ಕಾಗದದಲ್ಲಿ ಅಳತೆ ಕತ್ತರಿಸಿಟ್ಟುಕೊಂಡು, ಅದನ್ನು ಬಟ್ಟೆಯ ಮೇಲಿಟ್ಟು ಕತ್ತರಿಸುವುದು ನಮ್ಮ ಕಸುಬಿನ ಪದ್ಧತಿ. ಕಾಗದಕ್ಕೆ ಕಾಸು ಕೊಡುವವಳಲ್ಲ ನಾನು. ಬಾಗಿಲ ಸಂದಿಯಲ್ಲಿ ತೂರಿಬರುವ ದಪ್ಪನೆಯ ಕಾಗದಗಳು ಇರುತ್ತವಲ್ಲ, ಅವುಗಳ ಖಾಲಿ ಬೆನ್ನು ನನಗೆ ಸಾಕು.

"ಈ ತೋಳಿನ ಮೇಲೆ ಏನೋ ಬರೆದಿದೆಯಲ್ಲೇ" ಎಂದು ಅವಳು ಒಂದು ಕಾಗದ ಕಿತ್ತು ಓದಿದಳು. "'ವಾರ್ಡಿನ ನಾಗರಿಕರ ಸಭೆ. ಸ್ಥಳ, ಶಾಲೆಯ ಸಭಾಂಗಣ. ಎಲ್ಲರೂ ಬಂದು ನಿಮ್ಮ ಅಹವಾಲು...' ಮುಂದಿನದು ನಿನ್ನ ಕತ್ತರಿ ಪಾಲು."

ಅವಳು ಕಾಲರಿನ ಕಾಗದವನ್ನು ತಿರುಗಿಸಿದಳು. ಅದು ಅದರ ಹಿಂದಿನ ತಿಂಗಳ ಕಾಗದ. ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: "ಚರ್ಚೆಯ ವಿಷಯ: ಆರೋಗ್ಯ ಕೇಂದ್ರದ ಸಿಬ್ಬಂದಿ."

"ಕರೆದೇ ಇಲ್ಲ ಅಂದ್ಯಲ್ಲ" ಎಂದಳು ಅವಳು, ಮೆತ್ತಗೆ.

ನಾನು ನಾಲಿಗೆ ಕಚ್ಚಿಕೊಂಡೆ. ಅಂಗಡಿಯ ಮೂಲೆಯ ಮಂಚದಲ್ಲಿ ಮಲಗಿದ್ದ ಅತ್ತೆ ಅಲ್ಲಿಂದಲೇ ಹೇಳಿದರು: "ನನ್ನ ಕಾಲಿನ ವಿಷಯಾನ ಇನ್ಯಾರದೋ ಕಾಲರ್ ಮಾಡಿಬಿಟ್ಯಲ್ಲೇ ಮಾರಾಯ್ತಿ!" ಮೊದಲು ನಕ್ಕವರೂ ಅವರೇ. ಅವರು ಬೈದಿದ್ದರೆ ನನಗೆ ಅಷ್ಟು ಅಳು ಬರುತ್ತಿರಲಿಲ್ಲ.

ಜೇಬಿನ ಕಾಗದ ಹೊಸದು, ಅದೇ ವಾರ ಬಂದಿದ್ದು. ಅದರಲ್ಲಿ "ಇದೇ ಶನಿ" ಅಂತ ಮಾತ್ರ ಉಳಿದಿತ್ತು. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತ ಕಂಡಕ್ಟರಕ್ಕ, ಅರ್ಧ ಹೊಲಿದ ಶರ್ಟಿನಲ್ಲೇ ನೆಲಕ್ಕೆ ಕುಳಿತಳು. ಮೇಜಿನ ಕೆಳಗಿನ ಚಿಂದಿಬುಟ್ಟಿಯನ್ನು ಇಬ್ಬರೂ ಕೆದಕಿದೆವು. ನೂಲು, ಗುಂಡಿ, ಚೂರುಪಾರು ಬಟ್ಟೆಯ ನಡುವೆ ಉಳಿದ ತುಂಡು ಸಿಕ್ಕಿತು: "ವಾರ, ಬೆಳಿಗ್ಗೆ ಹತ್ತು ಗಂಟೆ."

"ಹೋಗೋಣ" ಅಂದಳು ಅವಳು. "ಬರೀ ಬಾಯಲ್ಲಿ ಹೇಳ್ಬೇಡ. ಅರ್ಜಿ ಬರಿ, ಎರಡು ಪ್ರತಿ ಮಾಡು. ಒಂದು ಅವರಿಗೆ. ಇನ್ನೊಂದಕ್ಕೆ ಸೀಲು ಹಾಕಿಸ್ಕೊಂಡು ನೀನಿಟ್ಕೋ. ಇಲ್ದಿದ್ರೆ ಅರ್ಜಿ ಬಂದೇ ಇಲ್ಲ ಅಂತಾರೆ."

ಶನಿವಾರ ಶಾಲೆಯ ಇನ್ನೂರು ಕುರ್ಚಿಯ ಸಭಾಂಗಣದಲ್ಲಿ ನಾವು ಹನ್ನೆರಡು ಜನ ಇದ್ದೆವು. ಸಾಹೇಬರು ನಲವತ್ತು ನಿಮಿಷ ತಡವಾಗಿ ಬಂದರು. ಅರ್ಜಿ ಹಿಡಿದು ಎದ್ದು ನಿಂತೆ.

"ಸಾರ್, ನನ್ನ ಅಂಗಡಿ ಸ್ಟೂಲ್ ಮೇಲೆ ಕೂತು ಒಂದು ಮಾತು ಕೊಟ್ಟಿದ್ರಿ. ನೆನಪಿದ್ಯಾ?"

"ಆಯ್ತಾಯ್ತು, ನೋಡೋಣ."

"ಹಾಗಲ್ಲ ಸಾರ್. ಯಾವತ್ತು ಅಂತ ಹೇಳಿ. ನಮ್ಮತ್ತೆ ಪಾದ ಹೋಗುತ್ತೆ."

ಅವರು ಪಕ್ಕದ ಗುಮಾಸ್ತೆಯ ಕಡೆ ನೋಡಿದರು. ಆಕೆ ಕಡತ ತೆಗೆದು ಓದಿದಳು. "ಎರಡು ಸಭೇಲೂ ಈ ವಿಷಯ ಇತ್ತು ಸಾರ್. ಕೇಳೋರು ಯಾರೂ ಬಂದಿರ್ಲಿಲ್ಲ. ಮುಂದಕ್ಕೆ ಹಾಕಿದ್ವಿ."

ಆ ಮಾತು ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮಾತು ಕೊಟ್ಟು ಮರೆತಿದ್ದು ಅವರ ತಪ್ಪೇ, ಅದನ್ನು ನಾನು ಇವತ್ತಿಗೂ ಮಾಫಿ ಮಾಡಿಲ್ಲ. ಆದರೆ ಟ್ರಯಲ್ ನೋಡದೆ ಬಟ್ಟೆ ಒಯ್ಯಲು ಯಾರನ್ನೂ ಬಿಡದ ನಾನು, ವೋಟು ಹಾಕಿ ತಿರುಗಿ ನೋಡದೆ ಬಂದಿದ್ದೆ. ಗುಮಾಸ್ತೆ ನನ್ನ ಪ್ರತಿಗೆ ಸೀಲು ಹಾಕಿ, ಪಕ್ಕಕ್ಕೆ ಕರೆದು, "ಮುಂದಿನ ತಿಂಗಳು ಖಂಡಿತ ಬನ್ನಿ. ಒಬ್ರೇ ಬರ್ಬೇಡಿ" ಎಂದಳು.

ಒಬ್ಬಳೇ ಹೋಗಲಿಲ್ಲ. ಆ ತಿಂಗಳು ಟ್ರಯಲ್‌ಗೆ ಬಂದವರಿಗೆಲ್ಲ ಪಿನ್ನು ಚುಚ್ಚುತ್ತಾ ವಿಷಯ ಹೇಳಿದೆ. ಪಿನ್ನು ಕೈಯಲ್ಲಿದ್ದವಳ ಮಾತನ್ನು ಯಾರು ತಳ್ಳಿಹಾಕುತ್ತಾರೆ! ಕಂಡಕ್ಟರಕ್ಕ ಬಸ್ಸಿನಲ್ಲಿ ಹೇಳಿದಳು. ಮುಂದಿನ ಸಭೆಗೆ ಎಂಬತ್ತು ಜನ ಬಂದರು. ಸಾಹೇಬರು ಅಂದು ಹತ್ತು ನಿಮಿಷ ಮುಂಚೆಯೇ ಬಂದಿದ್ದರು. "ಆಯ್ತಾಯ್ತು" ಅನ್ನಲು ಬಾಯಿ ತೆರೆದವರು, ಎದುರಿಗಿದ್ದ ಜನರನ್ನು ನೋಡಿ, ತಾರೀಖು ಹೇಳಿದರು.

ಹೇಳಿದ ತಾರೀಖಿಗೆ ಒಂಬತ್ತು ದಿನ ತಡವಾಗಿ, ಕೇಂದ್ರದ ಬೀಗ ತೆರೆಯಿತು. ಪೂರ್ತಿ ವಾರಕ್ಕಲ್ಲ, ವಾರಕ್ಕೆ ಮೂರು ದಿನ ಬೆಳಿಗ್ಗೆ. ಹೊಸ ನರ್ಸಮ್ಮ ಮೊದಲ ದಿನ ಅತ್ತೆಯ ಕಾಲನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಹುಣ್ಣು ತೊಳೆದರು. "ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಕಷ್ಟ ಆಗ್ತಿತ್ತು ಅಜ್ಜಿ" ಎಂದರು. ಹುಣ್ಣು ಮಾಯಲು ಹತ್ತು ವಾರ ಹಿಡಿಯಿತು. ಬೆರಳು ಉಳಿಯಿತು, ಪಾದ ಉಳಿಯಿತು.

ನನಗೆ ಎಷ್ಟು ಜನರ ಋಣ! ಚಿಂದಿ ಕೆದಕಿದ ಕಂಡಕ್ಟರಕ್ಕನಿಗೆ ಆ ಶರ್ಟಿನ ಜೇಬನ್ನು ಎರಡು ಸಲ ಹೊಲಿದು ಕೊಟ್ಟೆ, ಜನ್ಮದಲ್ಲಿ ಹರಿಯಬಾರದು ಹಾಗೆ. ಸೀಲು ಹಾಕಿದ ಗುಮಾಸ್ತೆಯನ್ನು, ತಮ್ಮ ಕೆಲಸ ಬಿಟ್ಟು ನನ್ನ ಅತ್ತೆಯ ಕಾಲಿಗಾಗಿ ಬಂದು ಕುಳಿತ ಆ ಎಂಬತ್ತು ಜನರನ್ನು ನಾನು ಮರೆಯಲಾರೆ. ಸಾಹೇಬರಿಗೆ? ನಾನು ಮುಖ ತಿರುಗಿಸಿದ್ದೆ. ಅತ್ತೆ ಬಿಡಲಿಲ್ಲ.

"ಬೈಯೋಕೆ ಬಾಯಿತ್ತಲ್ಲ ನಿಂಗೆ, ಒಳ್ಳೇದು ಹೇಳೋಕೂ ಇರ್ಲಿ. ತಡ ಆದ್ರೂ ಮಾಡಿದ್ರು."

ಮುಂದಿನ ಸಭೆಯಲ್ಲಿ ಎದ್ದು ನಿಂತು ಧನ್ಯವಾದ ಹೇಳಿದೆ. ಜೊತೆಗೆ, ವಾರಕ್ಕೆ ಆರು ದಿನ ತೆರೆಯುವುದು ಯಾವಾಗ ಎಂದೂ ಕೇಳಿದೆ.

ಈ ವರ್ಷ ಮತ್ತೊಂದು ಚುನಾವಣೆ ಬಂತು. ಮತದಾರರ ಪಟ್ಟಿಯಲ್ಲಿ ನಮ್ಮ ಮೂವರ ಹೆಸರಿದೆಯೇ ಎಂದು ಮೊದಲೇ ಹೋಗಿ ನೋಡಿಕೊಂಡೆವು. ಮತದಾನದ ದಿನ ರಿಕ್ಷಾ ಕರೆಯಲು ಹೊರಟೆ. ಅತ್ತೆ ಚಪ್ಪಲಿ ಮೆಟ್ಟಿ ಆಗಲೇ ಮೆಟ್ಟಿಲು ಇಳಿದಿದ್ದರು.

"ರಿಕ್ಷಾ ಯಾಕೆ? ಈ ಕಾಲು ಉಳಿಸ್ಕೊಂಡಿದ್ದು ಯಾತಕ್ಕೆ ಮತ್ತೆ?" ಎಂದು ನನ್ನ ಮುಂದೆ ಮುಂದೆಯೇ ನಡೆದರು. ಆ ಬೀದಿಯುದ್ದಕ್ಕೂ ನಾನು ಅವರ ಹಿಮ್ಮಡಿಯನ್ನೇ ನೋಡುತ್ತಾ ಹೋದೆ. ಯಾರಿಗೆ ಹಾಕಿದೆವು ಎಂದು ಕೇಳಬೇಡಿ. ಅತ್ತೆ ನನಗೆ ಹೇಳಿಲ್ಲ, ನಾನು ಅವರಿಗೆ ಹೇಳಿಲ್ಲ.

ಬಾಗಿಲಿನ ರಟ್ಟು ಈಗಲೂ ಇದೆ, ಬರಹ ಬದಲಾಗಿದೆ: "ಮತ ಕೇಳುವವರು ಒಳಗೆ ಬನ್ನಿ. ಗೆದ್ದ ಮೇಲೂ ಬನ್ನಿ. ನೀವು ಬರದಿದ್ದರೆ ನಾವು ಬರುತ್ತೇವೆ."

ಅಕ್ಕಂದಿರೇ, ಅಣ್ಣಂದಿರೇ, ಗೆದ್ದವರ ನಡತೆ ನೋಡಿ ನಿಮಗೂ ಬೇಸರವಾಗಿರಬಹುದು. ಬೇಸರಪಡಿ, ಬೈಯಿರಿ, ಆದರೆ ವೋಟು ಬಿಡಬೇಡಿ. ಹಾಕಿದ ಮೇಲೆ ಮನೆಯಲ್ಲಿ ಕೂರಬೇಡಿ, ಸಭೆಗೆ ಹೋಗಿ, ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ಸೀಲು ಹಾಕಿಸಿಕೊಂಡು ಬನ್ನಿ. ನಿಮ್ಮ ಬಾಗಿಲ ಸಂದಿಯಲ್ಲಿ ಇವತ್ತು ಒಂದು ಕಾಗದ ಬಂದಿದ್ದರೆ ಮೊದಲು ಅದನ್ನು ಓದಿ. ಓದಿಯಾದ ಮೇಲೆ ನನಗೆ ಕೊಡಿ, ತೋಳು ಕತ್ತರಿಸಲು ಬೇಕು.