ಮುಂದಿನ ಅಂಗಳದ ಬಿಸಿಲು

"ಈ ತಂತಿ ಬಿಚ್ಚೋಕೆ ಯಾರು ಹೇಳಿದ್ದು?"

ಒದ್ದೆ ಬಟ್ಟೆಯ ಬಕೆಟ್ಟನ್ನು ಬಾಗಿಲಲ್ಲೇ ಇಳಿಸಿ ತಮ್ಮನ ಹೆಂಡತಿ ನಿಂತಿದ್ದಳು. ಸ್ಟೂಲು ಹತ್ತಿದ್ದ ಅಕ್ಕ ತಿರುಗಿ ನೋಡಲಿಲ್ಲ. ಇಕ್ಕಳದಿಂದ ಕೊನೆಯ ಸುತ್ತು ಬಿಡಿಸುತ್ತ, "ಯಾರೂ ಹೇಳಿಲ್ಲ. ನಾನೇ ಬಿಚ್ತಿದೀನಿ," ಎಂದಳು.

ಮೂವತ್ತೊಂದು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿದವಳು ಅವಳು. ನಿವೃತ್ತಿಯಾಗಿ ತಮ್ಮನ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಇಲ್ಲಿ ಫ್ರಿಜ್ಜಿನ ಬಾಗಿಲು ತೆಗೆಯಬೇಕಾದರೂ ಕೇಳುತ್ತಿದ್ದಳು. ಹಿತ್ತಲಿನ ಮೂಲೆಯನ್ನೂ ಹಾಗೇ ಕೇಳಿ ಪಡೆದು, ನಾಲ್ಕು ಹಳೆಯ ಟಬ್ಬುಗಳಿಗೆ ಮಣ್ಣು ತುಂಬಿ ಹಸಿಯಾಗಿ ತಿನ್ನುವ ಕೆಂಪು ಲೆಟ್ಯೂಸ್ ಸೊಪ್ಪು ಬಿತ್ತಿದ್ದಳು. ಬೆಳಕು ತಾಗಲೆಂದು ಬೀಜದ ಮೇಲೆ ಮಣ್ಣು ಮುಚ್ಚದೆ ಅಂಗೈಯಲ್ಲಿ ಮೆತ್ತಗೆ ಒತ್ತಿದ್ದಳಷ್ಟೆ. ಆರನೇ ದಿನಕ್ಕೆ ಮೊಳಕೆಯೇನೋ ಬಂತು. ಆದರೆ ತಿಂಗಳು ಕಳೆದರೂ ಪೊಟ್ಟಣದ ಚಿತ್ರದಲ್ಲಿದ್ದ ಕಡುಗೆಂಪಿನ ಸುಳಿವಿಲ್ಲ. ಎಲೆಗಳು ಪೇಲವ ಹಸಿರಾಗಿ, ಉದ್ದಕ್ಕೆ ಜೋತುಬಿದ್ದಿದ್ದವು.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಿನ್ನದು ಬಣ್ಣಕ್ಕೂ ಆಗ್ಲಿಲ್ವಲ್ಲಕ್ಕ," ಎಂದು ಬೀಗ ರಿಪೇರಿ ಮಾಡುವ ತಮ್ಮ ನಕ್ಕಿದ್ದ. "ಬೀಜದವನು ಟೋಪಿ ಹಾಕಿದಾನೆ."

"ಬೀಜದ ತಪ್ಪಲ್ಲ ಕಣೋ. ಬಿಸಿಲು ಸಾಲದು."

ಅದು ಅವಳಿಗೆ ಖಚಿತವಿತ್ತು. ಎರಡು ದಿನ ಗಡಿಯಾರ ಹಿಡಿದು ನೋಡಿದ್ದಳು. ಹಿತ್ತಲಿಗೆ ಬಿಸಿಲು ಬೀಳುವುದು ಒಂದೇ ಗಂಟೆ. ಮುಂದಿನ ಅಂಗಳಕ್ಕೆ ಬೆಳಿಗ್ಗೆ ಏಳರಿಂದ ಹನ್ನೆರಡರವರೆಗೆ. ಅಲ್ಲಿ ಅಡ್ಡವಾಗಿದ್ದದ್ದು ಈ ತಂತಿ, ಅದರ ತುಂಬ ಹೊದಿಕೆ, ಅಂಗಿಗಳ ನೆರಳು.

ಸ್ಟೂಲಿನಿಂದ ಇಳಿದು ಅವಳು ತಂತಿಯನ್ನು ಸುತ್ತಿಟ್ಟಳು. "ಗೋಡೆ ಪಕ್ಕಕ್ಕೆ ಕಟ್ಟಿಕೊಡ್ತೀನಿ. ಮೂರು ಟಬ್ಬು ಇಲ್ಲಿಗೆ ಬರುತ್ತೆ. ಒಂದು ಹಿಂದೇನೇ ಇರಲಿ, ಹೋಲಿಸಿ ನೋಡೋಕೆ. ಹತ್ತು ದಿನದಲ್ಲಿ ಕೆಂಪಾಗದಿದ್ರೆ ಎಲ್ಲಾ ಕಿತ್ತು ಬಿಸಾಕ್ತೀನಿ."

ತಮ್ಮನ ಹೆಂಡತಿ ಸುತ್ತಿಟ್ಟ ತಂತಿಯನ್ನೂ ಒದ್ದೆ ಬಟ್ಟೆಯ ಬಕೆಟ್ಟನ್ನೂ ನೋಡಿದಳು. ಹೆಚ್ಚೆಂದರೆ ಏನಾದೀತು, ಒಂದು ಬಾಡಿಗೆ ಕೋಣೆ ಹುಡುಕಬೇಕಾದೀತು ಎಂದುಕೊಂಡಳು ಅಕ್ಕ.

"ಬಟ್ಟೆ ಒಣಗದಿದ್ರೆ ಇಸ್ತ್ರಿ ನೀವೇ ಹಾಕ್ಬೇಕು," ಎಂದಳು ತಮ್ಮನ ಹೆಂಡತಿ.

"ಹಾಕ್ತೀನಿ."

"ಎಂಟು ತಿಂಗಳಿಂದ ಒಂದು ಚಮಚಕ್ಕೂ ನನ್ನನ್ನ ಕೇಳ್ತಿದ್ರಿ. ನಾನೇನು ಲಾಡ್ಜಿನ ಮ್ಯಾನೇಜರಾ?" ಅವಳ ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಆದರೂ ಅಕ್ಕನ ಹಿಂದೆಯೇ ಹಿತ್ತಲಿಗೆ ಬಂದು ಟಬ್ಬಿನ ಇನ್ನೊಂದು ಕಿವಿ ಹಿಡಿದಳು. "ಹುಷಾರಕ್ಕ, ಸೊಂಟ ಹಿಡ್ಕೊಂಡೀತು. ಆಮೇಲೆ ಅದಕ್ಕೂ ನಾನೇ ಎಣ್ಣೆ ತಿಕ್ಬೇಕು."

ನಾಲ್ಕನೇ ದಿನ ಹೊಸ ಎಲೆಗಳ ಅಂಚಿಗೆ ಕೆಂಪು ಹತ್ತಿತು. ಎಂಟನೇ ದಿನಕ್ಕೆ ಅದು ಒಳಗೆಲ್ಲ ಹರಡಿ, ಬುಡದಲ್ಲಷ್ಟೇ ಹಸಿರು ಉಳಿಯಿತು. ಎಲೆ ಗಿಡ್ಡಗೆ, ಗಟ್ಟಿಯಾಗಿ, ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿ ನಿಂತಿತು. ಒಂಬತ್ತನೇ ಬೆಳಿಗ್ಗೆ ತಮ್ಮನ ಹೆಂಡತಿ ಹಿತ್ತಲಿನ ಟಬ್ಬನ್ನು ತಾನೇ ಎತ್ತಿಕೊಂಡು ಬಂದು ಉಳಿದವುಗಳ ಪಕ್ಕ ಇಟ್ಟಳು.

"ಇನ್ನೊಂದು ದಿನ ಇದೆಯಲ್ಲೇ," ಎಂದಳು ಅಕ್ಕ.

"ಹೋಲಿಸಿದ್ದು ಸಾಕು."

ಅದೇ ಮಧ್ಯಾಹ್ನ ಮೊದಲ ಕೊಯ್ಲು. ಸುಳಿ ಬಿಟ್ಟು ಹೊರಗಿನ ಎಲೆಗಳನ್ನಷ್ಟೇ ಮುರಿಯುವುದನ್ನು ಅಕ್ಕ ತೋರಿಸಿಕೊಟ್ಟಳು. ತಮ್ಮ ಊಟಕ್ಕೆ ಬಂದಾಗ ಇಬ್ಬರೂ ಬಾಗಿಲ ಮೆಟ್ಟಿಲಿಗೆ ಅಡ್ಡಲಾಗಿ ಕೂತು, ನಡುವೆ ನೀರಿನ ಬೋಗುಣಿ ಇಟ್ಟುಕೊಂಡು, ತೊಳೆದ ಎಲೆಗಳನ್ನು ಉಪ್ಪಿಗೆ ಅದ್ದಿ ಕರಕರ ತಿನ್ನುತ್ತಿದ್ದರು. ಅವನು ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ. ಅವನು ಚಪ್ಪಲಿ ಬಿಟ್ಟು, ಒಳಗೆ ಹೋಗಲು ದಾರಿಯಾಗಲೆಂದು ಬಿಸಿಲಿನಲ್ಲಿ ಕಾಯುತ್ತ ನಿಂತ.